ಬೆನ್ನೆಲುಬಿನ ಪಕ್ಕಬಾಗು ಮತ್ತು ಮಲಗುವ ಹಾಸಿಗೆ: ವಯಸ್ಕರು ಅರಿತಿರಬೇಕಾದ ಸಂಗತಿಗಳು

ಮಂಜೇಶ್ವರ: ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಪೋಷಕರ ಸಭೆಯಲ್ಲಿ ಮಕ್ಕಳ ಓದಿನ ಮಾತು ಮುಗಿದ ಬಳಿಕ ತಾಯಂದಿರು ತಮ್ಮ ಬೆನ್ನುನೋವಿನ ವಿಷಯ ಎತ್ತುವುದುಂಟು. ದಿನವಿಡೀ ಕುಳಿತು ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಅವರಲ್ಲಿದ್ದಾರೆ. ಎಕ್ಸ್‌ರೇ ನೋಡಿದ ವೈದ್ಯರು ‘ಬೆನ್ನೆಲುಬು ಪಕ್ಕಕ್ಕೆ ಬಾಗಿದೆ’ ಎಂದರೆ ಮನೆಯವರು ಮೊದಲು ಕೇಳುವುದು ‘ಯಾವ ಹಾಸಿಗೆ ಕೊಳ್ಳಬೇಕು’ ಎಂದು. ಅಂಗಡಿಗೆ ಹೋದರೆ ಸಿಗುವ ಉತ್ತರಕ್ಕೆ ಹಲವು ಸಾವಿರ ರೂಪಾಯಿಗಳ ಬೆಲೆ ಇರುತ್ತದೆ. ಆ ಹಣವನ್ನು ವ್ಯಯಿಸುವ ಮೊದಲು ತಿಳಿದಿರಬೇಕಾದುದನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಏನಿದು ಪಕ್ಕಬಾಗು?

ವೈದ್ಯರು ಸ್ಕೋಲಿಯೋಸಿಸ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಬೆನ್ನೆಲುಬು ಎಡಕ್ಕೋ ಬಲಕ್ಕೋ ಬಾಗುವುದರ ಜೊತೆಗೆ ಸ್ವಲ್ಪ ತಿರುಚಿಕೊಂಡಿರುತ್ತದೆ. ಬೆನ್ನು ಮುಂದಕ್ಕೆ ಬಾಗುವ ಗೂನು ಬೇರೆ, ಇದು ಬೇರೆ. ಬಾಗನ್ನು ಎಕ್ಸ್‌ರೇ ಚಿತ್ರದ ಮೇಲೆ ಕೋನವಾಗಿ ಅಳೆಯುತ್ತಾರೆ. ಅಮೆರಿಕದ ಎಲುಬು ತಜ್ಞ ಜಾನ್ ಕಾಬ್ 1948ರಲ್ಲಿ ವಿವರಿಸಿದ ಈ ಅಳತೆಗೆ ‘ಕಾಬ್ ಕೋನ’ ಎಂದು ಹೆಸರು. ಕೋನವು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ಅದನ್ನು ಸ್ಕೋಲಿಯೋಸಿಸ್ ಎನ್ನಲಾಗುತ್ತದೆ.

ವಯಸ್ಕರಲ್ಲಿ ಇದು ಮುಖ್ಯವಾಗಿ ಎರಡು ಬಗೆಯಲ್ಲಿ ಕಂಡುಬರುತ್ತದೆ. ಹದಿಹರೆಯದಲ್ಲಿ ಆರಂಭವಾದ ಬಾಗು ಹಾಗೆಯೇ ಉಳಿದುಬಂದಿರುವುದು ಒಂದು. ಐವತ್ತರ ಆಸುಪಾಸಿನ ನಂತರ ಬೆನ್ನೆಲುಬಿನ ಬಿಲ್ಲೆಗಳೂ ಕೀಲುಗಳೂ ಸವೆದು ಹೊಸದಾಗಿ ಉಂಟಾಗುವುದು ಇನ್ನೊಂದು. ಬೆಳವಣಿಗೆ ಪೂರ್ಣಗೊಂಡವರಲ್ಲಿ 30 ಡಿಗ್ರಿಗಿಂತ ಕಡಿಮೆಯಿರುವ ಬಾಗು ಸಾಮಾನ್ಯವಾಗಿ ಹೆಚ್ಚುವುದಿಲ್ಲ. 50 ಡಿಗ್ರಿ ಮೀರಿದ ಬಾಗು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮುಂದುವರಿಯುವುದುಂಟು.

ಹಾಸಿಗೆ ಬೆನ್ನನ್ನು ನೇರಗೊಳಿಸುವುದೇ?

ಇಲ್ಲ. ಯಾವ ಹಾಸಿಗೆಯೂ ಎಲುಬಿನ ಬಾಗನ್ನು ಸರಿಪಡಿಸುವುದಿಲ್ಲ. ಮೆತ್ತನೆಯ ಹಾಸಿಗೆ ಅದನ್ನು ಹುಟ್ಟಿಸುವುದೂ ಇಲ್ಲ. ‘ಆರ್ಥೋಪೆಡಿಕ್’ ಎಂಬ ಪದವನ್ನು ಯಾವ ತಯಾರಕರೂ ತಮ್ಮ ಸರಕಿನ ಮೇಲೆ ಅಚ್ಚು ಹಾಕಿಸಬಹುದು. ಅದು ವೈದ್ಯಕೀಯ ಪ್ರಮಾಣಪತ್ರವೆಂದು ಭಾವಿಸಬಾರದು.

ಆದರೆ ನಿದ್ದೆಯ ಮೇಲೆ ಹಾಸಿಗೆಯ ಪ್ರಭಾವ ಇದೆ. ಹಗಲಿನಲ್ಲಿ ದೇಹದ ಭಾರದಿಂದ ಒತ್ತಿಹೋದ ಬಿಲ್ಲೆಗಳು ಇರುಳು ಮಲಗಿದಾಗ ನೀರನ್ನು ಹೀರಿ ಮತ್ತೆ ಉಬ್ಬುತ್ತವೆ. ಬೆಳಗಿನಲ್ಲಿ ನಮ್ಮ ಎತ್ತರ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದು ಇದರಿಂದಲೇ. ಬಾಗಿದ ಬೆನ್ನಿನಲ್ಲಿ ಒಂದು ಕಡೆಯ ಸ್ನಾಯುಗಳು ಹಿಗ್ಗಿದ್ದರೆ ಇನ್ನೊಂದು ಕಡೆಯವು ಕುಗ್ಗಿರುತ್ತವೆ. ಪಕ್ಕೆಲುಬು, ಹೆಗಲ ಫಲಕ, ಸೊಂಟದ ಎಲುಬುಗಳ ಪೈಕಿ ಯಾವುದಾದರೂ ಹೊರಚಾಚಿರಬಹುದು. ಬರಿನೆಲ ಅಥವಾ ಹಲಗೆಯಂಥ ಗಟ್ಟಿ ಹಾಸಿಗೆಯಲ್ಲಿ ಭಾರವೆಲ್ಲ ಆ ಒಂದೆರಡು ಉಬ್ಬುಗಳ ಮೇಲೆಯೇ ಬಿದ್ದು ನೋವಿನಿಂದ ಎಚ್ಚರವಾಗುತ್ತದೆ. ಅತಿ ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಹೂತುಹೋಗಿ ಬೆನ್ನು ತೊಟ್ಟಿಲಂತೆ ಜೋತುಬೀಳುತ್ತದೆ. ಮಗ್ಗುಲು ಬದಲಿಸುವುದೂ ಕಷ್ಟವಾಗುತ್ತದೆ.

‘ಬೆನ್ನುನೋವಿಗೆ ನೆಲವೇ ಮದ್ದು’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಇದನ್ನು ಪರೀಕ್ಷಿಸಿದ ಒಂದು ಪ್ರಸಿದ್ಧ ಅಧ್ಯಯನ ಸ್ಪೇನ್ ದೇಶದಲ್ಲಿ ನಡೆಯಿತು. ದೀರ್ಘಕಾಲದ ಸೊಂಟನೋವುಳ್ಳ 313 ಮಂದಿಗೆ ಗಟ್ಟಿ ಅಥವಾ ಮಧ್ಯಮ ಗಟ್ಟಿ ಹಾಸಿಗೆ ನೀಡಿ 90 ದಿನಗಳ ನಂತರ ಫಲಿತಾಂಶವನ್ನು ಪರಿಶೀಲಿಸಲಾಯಿತು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಂತೆ, ಮಧ್ಯಮ ಗಟ್ಟಿ ಹಾಸಿಗೆಯಲ್ಲಿ ಮಲಗಿದವರಿಗೆ ಹಾಸಿಗೆಯಲ್ಲಿನ ನೋವೂ ಏಳುವಾಗಿನ ನೋವೂ ಹೆಚ್ಚು ಕಡಿಮೆಯಾಗಿದ್ದವು. ಆ ಅಧ್ಯಯನ ಸಾಮಾನ್ಯ ಸೊಂಟನೋವಿನವರದು, ಸ್ಕೋಲಿಯೋಸಿಸ್ ರೋಗಿಗಳದ್ದಲ್ಲ. ಆದುದರಿಂದ ಅದನ್ನು ದಾರಿಸೂಚಿಯಾಗಿ ಮಾತ್ರ ತೆಗೆದುಕೊಳ್ಳಬೇಕು.

ಯಾವುದನ್ನು ಆರಿಸಬೇಕು?

ಕೆಳಗಡೆ ಗಟ್ಟಿಯಾದ ಆಧಾರ, ಮೇಲ್ಗಡೆ ಎರಡು ಅಂಗುಲದಷ್ಟು ಮೃದು ಪದರ ಇರುವ ಜೋಡಣೆ ಹೆಚ್ಚಿನವರಿಗೆ ಹೊಂದುತ್ತದೆ. ಮೈಭಾರ ಕಡಿಮೆ ಇರುವವರಿಗೆ ತುಸು ಮೃದುವಾದುದು, ಹೆಚ್ಚಿರುವವರಿಗೆ ತುಸು ಗಟ್ಟಿಯಾದುದು ಬೇಕಾಗುತ್ತದೆ.

ತೆಂಗಿನ ನಾರಿನ ಹಾಸಿಗೆ: ರಬ್ಬರ್ ಹಾಲಿನಿಂದ ಬಂಧಿಸಿದ ನಾರು ಗಟ್ಟಿಯಾಗಿಯೂ ಗಾಳಿಯಾಡುವಂತೆಯೂ ಇರುತ್ತದೆ. ಎಲುಬು ಚಾಚಿರುವವರಿಗೆ ಇದರ ಮೇಲೊಂದು ಮೃದು ಪದರ ಅಗತ್ಯ.

ಬೂರುಗದ ಹತ್ತಿಯ ಹಾಸಿಗೆ: ಹೊಸತಿನಲ್ಲಿ ಹಿತವಾದರೂ ಬೇಗನೆ ಗಂಟುಕಟ್ಟಿ ಮಧ್ಯದಲ್ಲಿ ಕುಳಿಯಾಗುತ್ತದೆ. ಆಗಾಗ ಬಿಸಿಲಿಗಿಟ್ಟು, ಬಿಚ್ಚಿ ತುಂಬಿಸಬೇಕು.

ಫೋಮ್ ಮತ್ತು ಮೆಮೊರಿ ಫೋಮ್: ದೇಹದ ಆಕಾರಕ್ಕೆ ಒಗ್ಗಿಕೊಂಡು ಉಬ್ಬುಗಳ ಮೇಲಿನ ಒತ್ತಡವನ್ನು ತಗ್ಗಿಸುತ್ತವೆ. ಮೆಮೊರಿ ಫೋಮ್ ನಮ್ಮ ಕರಾವಳಿಯ ಸೆಕೆಯಲ್ಲಿ ಬಿಸಿಯೆನಿಸಬಹುದು.

ಲೇಟೆಕ್ಸ್: ರಬ್ಬರ್ ಹಾಲಿನದೇ ಉತ್ಪನ್ನ. ಪುಟಿಯುವ ಗುಣ ಇರುವುದರಿಂದ ಮಗ್ಗುಲು ಬದಲಿಸುವುದು ಸುಲಭ, ಬೆಲೆ ಅಧಿಕ.

ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತೇವವೂ ಗಮನಾರ್ಹ. ಹಾಸಿಗೆಯನ್ನು ನೇರ ನೆಲದ ಮೇಲಿಟ್ಟರೆ ಮಳೆಗಾಲದಲ್ಲಿ ಅಡಿಭಾಗ ಬೂಷ್ಟು ಹಿಡಿಯುತ್ತದೆ. ಸಂದುಗಳುಳ್ಳ ಹಲಗೆಮಂಚ ಉತ್ತಮ.

ಹಣ ಕೊಡುವ ಮೊದಲು

ಹಳೆಯ ಹಾಸಿಗೆಯ ಮೇಲೆ ಉದ್ದನೆಯ ನೇರ ಕೋಲೊಂದನ್ನು ಅಡ್ಡ ಇಟ್ಟು ನೋಡಿರಿ. ನಡುವೆ ಒಂದು ಅಂಗುಲಕ್ಕೂ ಮಿಕ್ಕಿ ಸಂದು ಕಂಡರೆ ಅದು ಕುಗ್ಗಿದೆ ಎಂದರ್ಥ. ಕುಗ್ಗಿರುವುದು ಮಂಚವಾಗಿದ್ದರೆ ಒಂದು ಪ್ಲೈವುಡ್ ಹಲಗೆಯಿಂದಲೇ ಕೆಲಸ ಆಗಬಹುದು. ಹಾಸಿಗೆ ಗಟ್ಟಿಯೆನಿಸಿದರೆ ಮೇಲೆ ದಪ್ಪ ಕೌದಿಯೊಂದನ್ನು ಹಾಸಿ ಎರಡು ವಾರ ಮಲಗಿ ನೋಡಿರಿ. ಇರುಳು ಎಷ್ಟು ಸಲ ಎಚ್ಚರವಾಯಿತು, ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಇತ್ತು ಎಂದು ಬರೆದಿಡಿರಿ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡುವುದು ಸಾಲದು. ನೀವು ಮಲಗುವ ಭಂಗಿಯಲ್ಲೇ ಹತ್ತು-ಹದಿನೈದು ನಿಮಿಷ ಮಲಗಬೇಕು. ಹಿಂದಿರುಗಿಸುವ ಅವಕಾಶವಿದೆಯೇ ಎಂದು ಬರಹದಲ್ಲಿ ಕೇಳಬೇಕು.

ಭಂಗಿಗೂ ಮಹತ್ವವಿದೆ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಬಹುದು; ಸೊಂಟದ ಪಕ್ಕದಲ್ಲಿ ಉಳಿಯುವ ಪೊಳ್ಳಿಗೆ ಸುತ್ತಿದ ಬೈರಾಸು ಸಾಕು. ಅಂಗಾತ ಮಲಗುವವರಿಗೆ ಮೊಣಕಾಲುಗಳ ಅಡಿಯ ದಿಂಬು ಹಿತ. ಬೋರಲಾಗಿ ಮಲಗಿದರೆ ಕತ್ತೂ ಸೊಂಟವೂ ತಿರುಚಿಕೊಳ್ಳುತ್ತವೆ. ಎಡವೋ ಬಲವೋ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ನಿಯಮವಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸರಳು ಜೋಡಿಸಿಕೊಂಡವರು ತಮ್ಮ ಶಸ್ತ್ರವೈದ್ಯರನ್ನೇ ಕೇಳಬೇಕು, ಏಕೆಂದರೆ ಅವರ ಬೆನ್ನಿನ ಆ ಭಾಗ ಬಾಗದು.

ಹಾಸಿಗೆ ಹಿಡಿದವರ ವಿಷಯ

ಮೆದುಳು, ನರ, ಸ್ನಾಯುಗಳ ದೌರ್ಬಲ್ಯದಿಂದಲೂ ಬೆನ್ನೆಲುಬು ಬಾಗುತ್ತದೆ. ಮಂಜೇಶ್ವರ ತಾಲೂಕಿನ ಎಣ್ಮಕಜೆಯೂ ಸೇರಿದಂತೆ, 2000ದವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲ್ಪಟ್ಟ ಊರುಗಳಲ್ಲಿ ಚಲನಶಕ್ತಿ ಕುಂದಿದ ಮಕ್ಕಳು ಇಂದು ವಯಸ್ಕರಾಗಿದ್ದಾರೆ. ಅವರನ್ನು ನೋಡಿಕೊಳ್ಳುವ ತಾಯಂದಿರು ವೃದ್ಧರಾಗುತ್ತಿದ್ದಾರೆ. ತಾವಾಗಿ ಹೊರಳಲಾರದವರಿಗೆ ಹಾಸಿಗೆಯೆಂದರೆ ನಿದ್ದೆಯ ಪ್ರಶ್ನೆಯಷ್ಟೇ ಅಲ್ಲ. ಚಾಚಿದ ಎಲುಬಿನ ಮೇಲೆ ಹಾಸಿಗೆಹುಣ್ಣು ಆಗದಂತೆ ಕಾಯುವ ಪ್ರಶ್ನೆ. ಇಂಥವರಿಗೆ ಒತ್ತಡ ಬದಲಿಸುವ ಗಾಳಿಹಾಸಿಗೆ ಬೇಕಾಗುತ್ತದೆ. ಅದಿದ್ದರೂ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗ್ರಾಮ ಪಂಚಾಯತಿನ ಉಪಶಮನ ಚಿಕಿತ್ಸಾ ದಾದಿಯರ ಬಳಿ ಈ ವಿಷಯ ಪ್ರಸ್ತಾಪಿಸಿರಿ.

ವೈದ್ಯರನ್ನು ಕಾಣಲು ತಡಮಾಡಬಾರದು

ಕಾಲು ಜೋಮುಹಿಡಿಯುವುದು ಅಥವಾ ಬಲಹೀನವಾಗುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ ಅಥವಾ ತೂಕ ಇಳಿಕೆಯೊಡನೆ ಇರುಳಿನ ನೋವು, ಉಸಿರಾಟದ ತೊಂದರೆ: ಇವುಗಳಿಗೆ ಹಾಸಿಗೆ ಪರಿಹಾರವಲ್ಲ. ಮಲಯಾಳ ಚೀಟಿ ಅರ್ಥವಾಗದಿದ್ದರೆ ಓದಿ ಹೇಳುವಂತೆ ಕೇಳಲು ಸಂಕೋಚ ಬೇಡ. ತಮ್ಮ ಎಕ್ಸ್‌ರೇಯ ಕೋನ ಎಷ್ಟು ಎಂಬುದನ್ನು ದಿನಾಂಕ ಸಹಿತ ಬರೆಸಿಕೊಳ್ಳಿರಿ. ಮುಂದೆ ಮಂಗಳೂರಿಗೋ ಕಾಸರಗೋಡಿಗೋ ಹೋದಾಗ ಹೋಲಿಸಲು ಅದೇ ಆಧಾರ.

ಕೊನೆಯದಾಗಿ, ಮನೆಯಲ್ಲಿ ಹತ್ತರಿಂದ ಹದಿನೈದು ವರ್ಷದ ಮಕ್ಕಳಿದ್ದರೆ ಅವರನ್ನು ಪಾದ ಜೋಡಿಸಿ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿರಿ. ಬೆನ್ನಿನ ಒಂದು ಪಕ್ಕ ಎತ್ತರವಾಗಿ ಕಂಡರೆ ವೈದ್ಯರಿಗೆ ತೋರಿಸಿರಿ. ಪಕ್ಕಬಾಗು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು. ಬೆಳೆಯುವ ವಯಸ್ಸಿನಲ್ಲಿ ಪತ್ತೆಯಾದರೆ ಬೆಲ್ಟಿನಂಥ ಕವಚದಿಂದ ಬಾಗು ಹೆಚ್ಚದಂತೆ ತಡೆಯಲು ಸಾಧ್ಯ. ತಾಯಿಯ ಹಾಸಿಗೆಗೆಂದು ಕೂಡಿಟ್ಟ ಹಣದ ಒಂದು ಪಾಲು ಮಗಳ ಎಕ್ಸ್‌ರೇಗೆ ವ್ಯಯವಾದರೆ ಅದು ನಷ್ಟವಲ್ಲ.