ಅಂಬಾಸಿಡರ್ ಎಂಜಿನ್ನಿನ ರೋಗ ಹಿಡಿಯುವ ಬಗೆ

ನಿಪ್ಪಾಣಿಯಿಂದ ನಮ್ಮ ಉತ್ತೂರ, ಆಜರಾ ದಾಟಿ ಅಂಬೋಲಿ ಘಾಟ ಇಳಿಯುವ ರಸ್ತೆಯಲ್ಲಿ ಒಂದು ಕಾಲಕ್ಕೆ ಬಾಡಿಗೆ ಗಾಡಿ ಎಂದರೆ ಅಂಬಾಸಿಡರ್. ಮದುವೆಗೂ ಅದೇ, ಬಾಣಂತಿಯನ್ನು ಕೊಲ್ಲಾಪುರದ ದವಾಖಾನೆಗೆ ಒಯ್ಯಲಿಕ್ಕೂ ಅದೇ. ಈ ಗಾಡಿ ನಮ್ಮದೆಂದೇ ನಾವು ತಿಳಿದಿದ್ದೆವು. ಅದರ ತವರುಮನೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ವಿಲಿಯಂ ಮಾರಿಸ್ 1913ರಲ್ಲಿ ತನ್ನ ಮೊದಲ ಕಾರು ಹೊರತಂದ. (ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ನೇಗಿಲು, ಎಂಜಿನ್ನುಗಳವರೆಗೆ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆಯೂ ಹೀಗೆಯೇ.) 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಕಂಪನಿಗಳು ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ ಆಯಿತು. ಅವರ 1956ರ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಗಾಡಿಯೇ ಬಂಗಾಲದ ಉತ್ತರಪಾರಾದಲ್ಲಿ, ಬಿರ್ಲಾರವರ ಹಿಂದುಸ್ತಾನ್ ಮೋಟಾರ್ಸ್ ಕಾರಖಾನೆಯಲ್ಲಿ ಅಂಬಾಸಿಡರ್ ಆಯಿತು. ಇಂಗ್ಲೆಂಡಿನವರು ಆ ಗಾಡಿಯನ್ನು ಮೂರ್ನಾಲ್ಕು ವರ್ಷದಲ್ಲೇ ಕೈಬಿಟ್ಟರು. ನಾವು 2014ರ ಮೇ ತಿಂಗಳವರೆಗೆ ತಯಾರಿಸಿದೆವು. ಶುರುವಿನಲ್ಲಿ ಹಳೆಯ ನಮೂನೆಯ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಿಂದ ವಾಲ್ವು ಮೇಲಿರುವ 1489 ಸಿಸಿಯ 'ಬಿ' ಸರಣಿಯ ಎಂಜಿನ್ ಬಂತು. ನಮ್ಮ ಮೇಸ್ತ್ರಿಗಳು ಗುರುತು ಹಿಡಿದಿದ್ದು ಇದನ್ನೇ.

ಗುರುತು ಎಂದರೆ ಎಂಥದು? ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 1980ರ ದಶಕದಲ್ಲಿ ನಮ್ಮ ಕಾಕಾ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಬಾಡಿಗೆಗೆ ಓಡಿಸುತ್ತಿದ್ದರು. ಮುಂಜಾನೆ ಚೆನ್ನಾಗಿಯೇ ಚಾಲೂ ಆಗುತ್ತಿತ್ತು. ಘಾಟ ಏರುವಾಗ ಕಾವು ಹೆಚ್ಚಿದಂತೆ ಜೋರು ಕಡಿಮೆಯಾಗಿ, ಸೈಲೆನ್ಸರಿನಲ್ಲಿ ಪಟಪಟ ಸದ್ದು, ಹಿಂದೆ ಕರಿ ಹೊಗೆ. ಒಂದು ಗ್ಯಾರೇಜಿನವರು ನೋಡಿ, "ರಿಂಗು ಸವೆದಾವ, ಬೋರ್ ಮಾಡಿಸಬೇಕು" ಅಂದರು. ಎಂಜಿನ್ ಬಿಚ್ಚಿ ಕೊಲ್ಲಾಪುರಕ್ಕೆ ಒಯ್ದು ನಾಲ್ಕೂ ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸುವುದೆಂದರೆ ಒಂದು ಹಿಂಡುವ ಎಮ್ಮೆ ಮಾರುವ ಮಾತು. ಕಾಕಾ ಎಮ್ಮೆಗೆ ಗಿರಾಕಿ ನೋಡಲಿಕ್ಕೂ ಹೊರಟಿದ್ದರು.

ಅಷ್ಟರಲ್ಲಿ ಗಡಹಿಂಗ್ಲಜದ ಒಬ್ಬ ವಯಸ್ಸಾದ ಮೇಸ್ತ್ರಿಗೆ ತೋರಿಸೋಣ ಅಂತ ಆಯಿತು. ನಾನೂ ಜೊತೆಗಿದ್ದೆ. ಅವರು ಮೊದಲು ಕೇಳಿದ ಪ್ರಶ್ನೆ, "ಎಣ್ಣೆ ಎಷ್ಟು ಕುಡೀತೈತ್ರಿ?" ಮೊದಲಿನಷ್ಟೇ ಅಂತ ಕಾಕಾ ಹೇಳಿದರು. ರಿಂಗು ಸವೆದರೆ ಎಣ್ಣೆ ಸುಟ್ಟು ನೀಲಿ ಹೊಗೆ ಬರಬೇಕು, ಕರಿ ಹೊಗೆ ಬಂದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ನಾಲ್ಕೂ ಪ್ಲಗ್ ಬಿಚ್ಚಿದರು. ನಾಲ್ಕರ ಮೇಲೂ ಒಣ ಮಸಿ, ಎಣ್ಣೆಯ ಜಿಡ್ಡಿಲ್ಲ. ಮಸಿ ಒರೆಸಿ ಮತ್ತೆ ಕೂರಿಸಿ, ಮುಂದಿನ ಬಂಪರಿನ ತೂತಿನಿಂದ ಹ್ಯಾಂಡಲ್ ಹಾಕಿ, ಚಾವಿ ಬಂದ್ ಇಟ್ಟುಕೊಂಡೇ ನಿಧಾನವಾಗಿ ತಿರುವಿದರು. ಪ್ರತಿ ಅರ್ಧ ಸುತ್ತಿಗೆ ಒಂದೊಂದು ಸಿಲಿಂಡರ್ ಸ್ಪ್ರಿಂಗಿನಂತೆ ಕೈಯನ್ನು ಹಿಂದಕ್ಕೆ ಒತ್ತಬೇಕು. ನಾಲ್ಕೂ ಸಮ ಒತ್ತಿದವು. ಕಂಪ್ರೆಶನ್ ಮೀಟರ್ ಇರಲಿಲ್ಲ, ಅವರ ಅಂಗೈಯೇ ಮೀಟರ್. ಒಂದು ಸಡಿಲ ಸಿಕ್ಕಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುವುವುದು. ಒತ್ತಡ ಮರಳಿದರೆ ರಿಂಗಿನ ದೋಷ, ಮರಳದಿದ್ದರೆ ವಾಲ್ವಿನದು.

ಆಮೇಲೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರು. ಪಾಯಿಂಟುಗಳು ಸುಟ್ಟು ಗುಳಿ ಬಿದ್ದಿದ್ದವು. ಕಂಡೆನ್ಸರ್ ಬದಲಿಸಿ, ಪಾಯಿಂಟ್ ಉಜ್ಜಿ, ಸಂದು 15 ಥೌ, ಅಂದರೆ ಸುಮಾರು 0.38 ಮಿ.ಮೀ. ಇಟ್ಟರು. ಗಾಡಿ ಘಾಟ ಏರಿತು. ಎಮ್ಮೆ ಮನೆಯಲ್ಲೇ ಉಳಿಯಿತು.

ಇದರ ಒಳಗುಟ್ಟು ವಿಜ್ಞಾನದ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಈ ಪದ್ಧತಿಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ರೂಪಿಸಿದ. ಬ್ಯಾಟರಿಯ ಕರೆಂಟ್ ಕಾಯಿಲಿನಲ್ಲಿ ಹರಿಯುತ್ತಿರುವಾಗ ಪಾಯಿಂಟ್ ತಟ್ಟನೆ ತೆರೆದರೆ, ಕಾಯಿಲಿನ ಕಾಂತಕ್ಷೇತ್ರ ಕುಸಿದು 12 ವೋಲ್ಟಿನಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಕರೆಂಟ್ ಪಾಯಿಂಟಿನ ಸಂದಿನಲ್ಲೇ ಹಾರಿ ಅದನ್ನು ಸುಡುತ್ತದೆ, ಪ್ಲಗ್ಗಿಗೆ ಸಿಗುವ ಕಿಡಿ ಸೊರಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ಹೊಡೆದರೆ ಸೆಕೆಂಡಿಗೆ 100 ಕಿಡಿ ಬೇಕು. ಕೆಟ್ಟ ಕಂಡೆನ್ಸರ್ ತಣ್ಣಗಿದ್ದಾಗ ಹೇಗೋ ನಡೆಸಿ, ಕಾದಾಗ ಕೈಕೊಡುವುದುಂಟು. ಕಾಕಾನ ಗಾಡಿ ಘಾಟದಲ್ಲೇ ಯಾಕೆ ಕಾಡುತ್ತಿತ್ತು ಎಂಬುದಕ್ಕೆ ಉತ್ತರ ಇದೇ. ನಾಲ್ಕೂ ಪ್ಲಗ್ ಒಂದೇ ರೀತಿ ಕೆಟ್ಟಿದ್ದರಿಂದ ದೋಷ ಒಂದು ಸಿಲಿಂಡರಿನದಲ್ಲ, ನಾಲ್ಕಕ್ಕೂ ಸೇರಿದ ಭಾಗದ್ದು ಎಂದು ಅವರು ಹಿಡಿದಿದ್ದರು.

ಎಲ್ಲ ಗಾಡಿಗಳೂ ಇಷ್ಟು ಸರಳವಾಗಿ ಬಾಯಿ ಬಿಡುವುದಿಲ್ಲ. ಡಿಸ್ಟ್ರಿಬ್ಯೂಟರಿನ ದಂಡದ ಬುಶ್ ಸವೆದರೆ ದಂಡ ಅಲ್ಲಾಡುತ್ತದೆ, ಸಂದು ಒಂದು ಸುತ್ತಿಗೊಂದು ರೀತಿ ಆಗುತ್ತದೆ. ಹೊಸ ಪಾಯಿಂಟ್ ಎಷ್ಟು ಹಾಕಿದರೂ ವ್ಯರ್ಥ. ಟೈಮಿಂಗ್ ಚೈನ್ ಸಡಿಲಾದರೂ ಕಿಡಿಯ ಹೊತ್ತು ತಪ್ಪುತ್ತದೆ. ನೋಡಿದರೆ ಇಗ್ನಿಶನ್ ರೋಗ, ಮೂಲದಲ್ಲಿ ಸವೆತ. ಅಂಬೋಲಿಯ ಮಳೆಗಾಲದಲ್ಲಂತೂ ಮುಚ್ಚಳದೊಳಗೆ ತೇವ ಸೇರಿ ಗಾಡಿ ನಿಲ್ಲುವುದು ಮಾಮೂಲು. ಚಾಲಕರು ಒಣ ಬಟ್ಟೆಯಿಂದ ಒರೆಸಿ ಮುಂದೆ ಹೋಗುತ್ತಿದ್ದರು.

ನಿಜವಾಗಿ ಸವೆದ ಎಂಜಿನ್ನಿಗೂ ನಮ್ಮ ಕಡೆ ದಾರಿಯಿತ್ತು. ಕಬ್ಬಿಗೆ ನೀರೆತ್ತುವ ಆಯಿಲ್ ಎಂಜಿನ್ನುಗಳನ್ನು ಎರಕ ಹೊಯ್ದು, ಕೊರೆದು ಕೈ ಪಳಗಿದ ಕೊಲ್ಲಾಪುರದ ಉದ್ಯಮನಗರಕ್ಕೆ 73 ಮಿ.ಮೀ. ಬೋರಿನ ಮಾರಿಸ್ ಎಂಜಿನ್ ದೊಡ್ಡ ಒಗಟಲ್ಲ. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂದಾಗ ಹಳೆಯ ಎಂಜಿನ್ನುಗಳ ಎಕ್ಸಾಸ್ಟ್ ವಾಲ್ವು ತನ್ನ ಸೀಟನ್ನು ತಿಂದು ಒಳಗೆ ಇಳಿಯುವ ಹೊಸ ರೋಗ ಕಾಣಿಸಿತು, ಸೀಸ ಅಲ್ಲಿ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಇದಕ್ಕೆ ಮದ್ದು ಗಟ್ಟಿ ಲೋಹದ ಸೀಟು ಕೂರಿಸುವುದು.

ಈಗ ಮತ್ತೊಂದು ಬಂದಿದೆ. 2023ರಲ್ಲಿ ಶುರುವಾದ 20% ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಬರುವುದು ನಮ್ಮಂಥ ಜಿಲ್ಲೆಗಳ ಕಬ್ಬಿನಿಂದಲೂ, ಆದ್ದರಿಂದ ರೈತನ ಮನೆಯ ನಾನು ಅದನ್ನು ಬೈಯಲಾರೆ. ಆದರೆ ಹಳೆಯ ರಬ್ಬರ್ ಪೈಪು, ಪಂಪಿನ ಪೊರೆಗಳಿಗೆ ಅದು ಒಗ್ಗದು, ತೇವವನ್ನೂ ಹೀರುತ್ತದೆ. ಕಾರ್ಬ್ಯುರೇಟರಿನ ಜೆಟ್ ಹಳೆಯದೇ ಇದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಮುಗ್ಗರಿಸುತ್ತದೆ, ಥೇಟ್ ಕಿಡಿಯ ದೋಷದಂತೆಯೇ. ವ್ಯತ್ಯಾಸ ಹೇಳುವುದು ಮತ್ತೆ ಪ್ಲಗ್ಗೇ: ಅಂದು ಕಾಕಾನ ಗಾಡಿಯಲ್ಲಿ ಕರಿ ಮಸಿ, ಇಂದು ಸುಣ್ಣದಂಥ ಬಿಳುಪು. ಮನೆಯಲ್ಲಿ ಅಂಬಾಸಿಡರ್ ಉಳಿಸಿಕೊಂಡವರು ಪಾಯಿಂಟ್ ಮುಟ್ಟುವ ಮೊದಲು ಪ್ಲಗ್ ಬಿಚ್ಚಿ ಬಣ್ಣ ನೋಡಿರಿ, ರಬ್ಬರ್ ಪೈಪನ್ನು ಬೆರಳಿನಿಂದ ಒತ್ತಿ ನೋಡಿರಿ.