ಗುರುವಾಚಕ ಶಬ್ದಗಳು: ಪೂರ್ವದೇಶಗಳಲ್ಲಿಯೂ ಕನ್ನಡನಾಡಿನಲ್ಲಿಯೂ

ಒಂದು ಜನಾಂಗವು ತನ್ನ ಗುರುಗಳನ್ನು ಯಾವ ಮಾತಿನಿಂದ ಕರೆಯುವುದೋ ಆ ಮಾತಿನಲ್ಲಿ ಅದರ ಇತಿಹಾಸವು ಅಡಗಿರುವುದು. ಅರಸರ ಹೆಸರುಗಳು ಶಾಸನಗಳಲ್ಲಿ ಉಳಿಯುವುವು. ಯುದ್ಧಗಳ ವೃತ್ತಾಂತಗಳು ಬಖೈರುಗಳಲ್ಲಿ ಉಳಿಯುವುವು. ಆದರೆ ಸಾಮಾನ್ಯ ಜನರು ಯಾರ ಮುಂದೆ ತಲೆಬಾಗಿದರು, ಏತಕ್ಕಾಗಿ ಬಾಗಿದರು ಎಂಬ ಸಂಗತಿಯು ಬಹುಮಟ್ಟಿಗೆ ಅವರ ಸಂಬೋಧನೆಗಳಲ್ಲಿಯೇ ಉಳಿದು ಬಂದಿರುವುದು. ಮಠದ ಬಾಗಿಲಲ್ಲಿ ನಿಂತ ಭಕ್ತನು 'ಬುದ್ಧೀ' ಎಂದಾಗಲಿ 'ಅಪ್ಪಾವರೆ' ಎಂದಾಗಲಿ ಕರೆಯುವಾಗ ಆ ಒಂದೇ ಶಬ್ದದ ಹಿಂದೆ ಹಲವು ಶತಮಾನಗಳ ನಡೆನುಡಿಯು ನಿಂತಿರುತ್ತದೆ. ಹಾಗಾದರೆ ಗುರುವಿಗೆ ಹೆಸರನ್ನು ಕೊಡುವವರು ಯಾರು? ಅರಮನೆಯೆ, ಶಾಸ್ತ್ರವೆ, ಅಥವಾ ಭಕ್ತನ ನಾಲಗೆಯೆ? ಗುರುಭಕ್ತಿಗೆ ಹೆಸರಾದ ಚೀನ ಜಪಾನು ದೇಶಗಳ ಪದ್ಧತಿಯನ್ನು ಮೊದಲು ನೋಡಿ, ಅನಂತರ ಕನ್ನಡನಾಡಿಗೆ ಬಂದರೆ ಈ ಪ್ರಶ್ನೆಗೆ ಉತ್ತರವು ಸುಲಭವಾಗಿ ದೊರೆಯುವುದು.

ಚೀನದೇಶದಲ್ಲಿ ಗುರುವಿಗೆ ಸಲ್ಲುವ ಅತಿ ಪ್ರಾಚೀನ ಶಬ್ದಗಳಲ್ಲಿ 'ತ್ಸು' ಎಂಬುದೊಂದು. ಮಗನೆಂಬ ಅರ್ಥವುಳ್ಳ ಈ ಶಬ್ದವು ಕಾಲಕ್ರಮದಲ್ಲಿ ಗೌರವಾರ್ಹನಾದ ಪುರುಷನಿಗೂ, ಕೊನೆಗೆ ಗುರುವಿಗೂ ಸಂದಿತು. ಕುಂಗ್ ಫು ತ್ಸು ಎಂದರೆ ಕುಂಗ್ ಮನೆತನದ ಗುರು. ಲಾವೋ ತ್ಸು ಎಂದರೆ ವೃದ್ಧ ಗುರು. 'ಸಿಯೆನ್‌ಷೆಂಗ್' ಎಂಬ ಇನ್ನೊಂದು ಶಬ್ದಕ್ಕೆ 'ಮೊದಲು ಹುಟ್ಟಿದವನು' ಎಂಬುದೇ ಅಕ್ಷರಾರ್ಥವು. ಇದೇ ಎರಡು ಅಕ್ಷರಗಳನ್ನು ಜಪಾನಿನವರು 'ಸೆನ್‌ಸೇ' ಎಂದು ಓದುವರು. ಶಾಲೆಯ ಉಪಾಧ್ಯಾಯನಿಗೂ ವೈದ್ಯನಿಗೂ ಅಲ್ಲಿ ಅದೇ ಸಂಬೋಧನೆ. 'ಲಾವೋಷಿ' ಎಂದರೆ ಹಿರಿಯ ಬೋಧಕ. ಚೀನದಲ್ಲಿ ಇಪ್ಪತ್ತೈದು ವರ್ಷದ ತರುಣ ಶಿಕ್ಷಕನಿಗೂ ಈ ಹೆಸರು ಸಲ್ಲುವುದು. ಆದರೆ ಜಪಾನಿನಲ್ಲಿ ಇದೇ ಅಕ್ಷರಗಳು 'ರೋಷಿ' ಎಂದಾಗಿ, ಸಾಧನೆಯಲ್ಲಿ ಪಕ್ವನಾದ ಝೆನ್ ಗುರುವಿಗೆ ಮಾತ್ರ ಮೀಸಲಾಗಿರುವುವು. ಸಂನ್ಯಾಸಿ ಗುರುವನ್ನು ಚೀನದ ಶಿಷ್ಯರು 'ಷಿಫು' ಎನ್ನುವರು. ಗುರುವೂ ತಂದೆಯೂ ಆದವನು ಎಂಬುದು ಇದರ ತಾತ್ಪರ್ಯವು. ಇದೇ ಧ್ವನಿಯ, ಬೇರೆ ಅಕ್ಷರದ ಮತ್ತೊಂದು ಶಬ್ದವು ಬಡಗಿ, ಅಡಿಗೆಯವ ಮೊದಲಾದ ಕಸುಬಿನ ಹಿರಿಯರಿಗೆ ಸಲ್ಲುವುದು.

ಇವೆಲ್ಲವೂ ಜನರ ನಾಲಗೆಯಲ್ಲಿ ಬೆಳೆದ ಮಾತುಗಳು. ಇವಲ್ಲದೆ ಅರಮನೆಯಿಂದ ಬಂದ ಬಿರುದುಗಳೂ ಅಲ್ಲುಂಟು. ಜಪಾನಿನ ಚಕ್ರವರ್ತಿಗಳು ಮಹಾತ್ಮರಾದ ಭಿಕ್ಷುಗಳಿಗೆ 'ದೈಶಿ' ಅಂದರೆ ಮಹಾಗುರು, 'ಕೊಕುಶಿ' ಅಂದರೆ ರಾಷ್ಟ್ರಗುರು ಎಂಬ ಬಿರುದುಗಳನ್ನು ದಯಪಾಲಿಸುತ್ತಿದ್ದರು. ತೆಂದಾಯ್ ಪಂಥದ ಸ್ಥಾಪಕನಾದ ಸೈಚೋ ೮೨೨ರಲ್ಲಿ ಕಾಲವಾದನು. ಅವನಿಗೆ ದೈಶಿ ಪದವಿಯು ಬಂದುದು ೮೬೬ರಲ್ಲಿ. ಶಿಂಗೋನ್ ಪಂಥವನ್ನು ನೆಲೆಗೊಳಿಸಿದ ಕೂಕಾಯ್ ೮೩೫ರಲ್ಲಿ ತೀರಿಕೊಂಡನು; 'ಕೋಬೋ ದೈಶಿ' ಎಂಬ ಬಿರುದು ೯೨೧ರಲ್ಲಿ, ಎಂದರೆ ೮೬ ವರ್ಷಗಳಾದ ಮೇಲೆ, ಅವನಿಗೆ ಸಂದಿತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಶಿಕೋಕು ದ್ವೀಪದ ೮೮ ಕ್ಷೇತ್ರಗಳನ್ನು ಸುತ್ತಿಬರುವ ಯಾತ್ರಿಕರು ಇಂದಿಗೂ ಆ ಮಹಾಪುರುಷನನ್ನು 'ಓ-ದೈಶಿ-ಸಾನ್' ಎಂದು ಮನೆಯ ಹಿರಿಯನನ್ನು ಕರೆದಂತೆ ಕರೆಯುವರು. ಅರಮನೆಯು ಕೊಟ್ಟ ಬಿರುದನ್ನು ಸಹ ಜನರು ತಮ್ಮ ಮನೆಯ ಮಾತನ್ನಾಗಿ ಮಾಡಿಕೊಂಡ ಮೇಲೆಯೇ ಅದು ಬಾಳಿತು.

ಭಾರತದ ಗುರುವಾಚಕಗಳು ಆ ದೇಶಗಳಿಗೆ ಪಯಣಗೈದ ಕಥೆಯೂ ಸ್ವಾರಸ್ಯವಾಗಿದೆ. ಬೌದ್ಧಸಂಘದಲ್ಲಿ ಹೊಸಬನಿಗೆ ದೀಕ್ಷೆಯನ್ನಿತ್ತು ನಡೆಸುವ ಗುರುವಿಗೆ ಉಪಾಧ್ಯಾಯನೆಂದು ಹೆಸರು. ಈ ಶಬ್ದವು ಮಧ್ಯ ಏಷ್ಯದ ಭಾಷೆಗಳಲ್ಲಿ ಸವೆದು, ಚೀನಕ್ಕೆ ಹೋಗಿ 'ಹೋಷಾಂಗ್' ಆಯಿತು. ಜಪಾನಿನಲ್ಲಿ 'ಓಶೋ' ಆಯಿತು. ಆಚಾರ್ಯ ಶಬ್ದವು 'ಅಜರಿ' ಎಂಬ ರೂಪದಿಂದ ಶಿಂಗೋನ್ ಮಠಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದೇ ಶಬ್ದಗಳು ಕನ್ನಡನಾಡಿನಲ್ಲಿ ಬೇರೆ ದಾರಿಯನ್ನು ಹಿಡಿದುವು. ಉಪಾಧ್ಯಾಯವು ಪ್ರಾಕೃತದ ಮೂಲಕ ಸವೆದು ಕನ್ನಡದಲ್ಲಿ 'ಓಜ'ವಾಯಿತು. ಓದಿಸುವವನಿಗೆ ಸಲ್ಲುತ್ತಿದ್ದ ಈ ಹೆಸರು ಶಿಲ್ಪಿಗಳ ಹೆಸರಿನ ತುದಿಯಲ್ಲಿಯೂ ಸೇರಿತು. ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಕೆಲಸಮಾಡಿದ ಬಳ್ಳಿಗಾವೆಯ ದಾಸೋಜನ ಹೆಸರು ಶಿಲ್ಪಗಳ ಕೆಳಗೆ ಕೊರೆಯಲ್ಪಟ್ಟಿರುವುದು. ಆಚಾರ್ಯ ಶಬ್ದವೂ 'ಆಚಾರಿ'ಯಾಗಿ ಬಡಗಿ ಅಕ್ಕಸಾಲೆಗಳ ಗೌರವನಾಮವಾಯಿತು. ಹೀಗೆ ಓಶೋ, ಓಜ ಇವೆರಡೂ ಒಂದೇ ಬೇರಿನಿಂದ ಹುಟ್ಟಿದುವು. ಆದರೆ ಅಲ್ಲಿ ಅದು ಮಠವನ್ನು ಸೇರಿತು, ಇಲ್ಲಿ ಉಳಿಯ ಮೊನೆಯನ್ನು ಸೇರಿತು. ಕಸುಬುದಾರನನ್ನು ಗುರುವಿನ ಹೆಸರಿನಿಂದ ಕರೆಯಲು ಕನ್ನಡಿಗರು ಹಿಂದುಮುಂದು ನೋಡಲಿಲ್ಲವೆಂಬುದು ಇದರಿಂದ ವಿದಿತವಾಗುವುದು.

ದಾಸೋಜನ ಊರಾದ ಬಳ್ಳಿಗಾವೆಯಲ್ಲಿಯೇ ಅಂದು ಪ್ರಸಿದ್ಧವಾದ ಕೋಡಿಯಮಠವಿತ್ತು. ವಿದ್ಯಾದಾನ, ಅನ್ನದಾನ, ರೋಗಿಗಳ ಉಪಚಾರ ಇವೆಲ್ಲ ಅಲ್ಲಿ ನಡೆಯುತ್ತಿದ್ದುವೆಂದು ೧೧೬೨ರ ಶಾಸನವು ವರ್ಣಿಸುವುದು. ಅಲ್ಲಿಯ ಕಾಳಾಮುಖ ಆಚಾರ್ಯರನ್ನು ಶಾಸನಗಳು 'ರಾಜಗುರು'ಗಳೆಂದು ಕೊಂಡಾಡುವುವು. ಜಪಾನಿನ ಕೊಕುಶಿಗೆ ಸರಿಯಾದ ಬಿರುದು ಇದು. ಆ ಆಚಾರ್ಯರ ವಿದ್ವತ್ತೂ ಲೋಕೋಪಕಾರವೂ ದೊಡ್ಡವೇ ಸರಿ. ಆದರೂ ರಾಜಗುರುವೆಂಬ ಮಾತು ಶಾಸನದ ಕಲ್ಲಿನಲ್ಲಿ ನಿಂತಿತು. ಹಳ್ಳಿಯ ಬಾಯಿಗೆ ಬರಲಿಲ್ಲ.

ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದುದು ಬೇರೆ. ಬಸವೇಶ್ವರರು ಬಿಜ್ಜಳನ ಭಂಡಾರಿಗಳಾಗಿದ್ದರು, ದಂಡನಾಯಕರಾಗಿದ್ದರು ಎಂದು ಪುರಾಣಗಳು ಹೇಳುವುವು. ಅರಮನೆಯಿಂದ ಬಂದ ಆ ಪದವಿಗಳು ಹಿಂದೆ ಬಿದ್ದುವು. 'ಅಣ್ಣ' ಎಂಬ ಮನೆಯ ಮಾತು ಉಳಿಯಿತು. ಉಡುತಡಿಯ ಮಹಾದೇವಿಯು ಶರಣರ ನಡುವೆ ವಯಸ್ಸಿನಲ್ಲಿ ಕಿರಿಯಳು. ಆದರೂ ಆಕೆ 'ಅಕ್ಕ'ನಾದಳು. ಚೆನ್ನಬಸವೇಶ್ವರರು ಬಸವಣ್ಣನವರ ಸೋದರಳಿಯಂದಿರು, ಅವರೂ 'ಅಣ್ಣ'ನೆನಿಸಿದರು. ಮೊದಲು ಹುಟ್ಟಿದವನೇ ಗುರುವೆಂದು ಚೀನದ ಶಬ್ದವು ಹೇಳುವಲ್ಲಿ, ಅರಿವು ಯಾರಲ್ಲಿ ಮೊದಲು ಹುಟ್ಟಿತೋ ಅವರೇ ಅಣ್ಣ, ಅವರೇ ಅಕ್ಕ ಎಂದು ಶರಣರ ಶಬ್ದವು ಹೇಳಿತು.

'ಅಯ್ಯ' ಎಂಬ ಶಬ್ದದ ಚರಿತ್ರೆಯು ಇನ್ನೂ ಹಿಂದಿನದು. ಇದನ್ನು ಆರ್ಯ ಶಬ್ದದ ತದ್ಭವವೆಂದು ಕೆಲವರು, ಅಚ್ಚ ದ್ರಾವಿಡವೆಂದು ಕೆಲವರು ಹೇಳುವರು. ಬೆಂಗಳೂರಿನ ಉತ್ತರಕ್ಕೆ, ಕೆಂಪಾಪುರದ ನೆರೆಯ ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ಶಾಸನವೊಂದು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ೭೫೦ರದು. ಅದರಲ್ಲಿ ಹೋರಿ ಮಡಿದ ವೀರನ ಹೆಸರು ಕಿತ್ತಯ, ಇಂದಿನ ಉಚ್ಚಾರಣೆಯಲ್ಲಿ ಕಿತ್ತಯ್ಯ. ಇಂಥ ಹಳೆಯ ಗೌರವಶಬ್ದವನ್ನು ಶರಣರು ಹಂಚಿದ ಬಗೆಯನ್ನು ನೋಡಬೇಕು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ. ಪ್ರತಿಯೊಂದು ಹೆಸರಿನಲ್ಲಿ ಮೊದಲು ಕಾಯಕವು, ಕೊನೆಯಲ್ಲಿ ಅಯ್ಯನು. ತೊಗಲು ಹದಮಾಡುವವನೂ ಬಟ್ಟೆ ಒಗೆಯುವವನೂ ಕಾಯಕವನ್ನು ಮರೆಮಾಡದೆ ಅಯ್ಯನಾದನು. ಇಂಥವರ ಮನೆಯ ಮಗನೆಂದು ಬಸವಣ್ಣನವರು ತಮ್ಮನ್ನು ಕರೆದುಕೊಂಡುದು ಪ್ರಸಿದ್ಧವೇ ಆಗಿದೆ. ಚೀನದ ಬೈಜಾಂಗ್ ಎಂಬ ಧ್ಯಾನಗುರುವಿನ ಕಥೆಯನ್ನು ಇಲ್ಲಿ ನೆನೆಯಬಹುದು. ೮೧೪ರಲ್ಲಿ ಕಾಲವಾದ ಆತನು ಮುಪ್ಪಿನಲ್ಲಿಯೂ ಹೊಲದ ಕೆಲಸವನ್ನು ಬಿಡಲಿಲ್ಲ. ಶಿಷ್ಯರು ಕನಿಕರದಿಂದ ಹತಾರಗಳನ್ನು ಬಚ್ಚಿಡಲು, ಅವನು ಊಟವನ್ನೇ ನಿಲ್ಲಿಸಿದನಂತೆ. ಬೈಜಾಂಗ್ ಎಂಬುದು ಅವನಿದ್ದ ಬೆಟ್ಟದ ಹೆಸರು. ಲೋಕವು ಅವನನ್ನು ಆ ಬೆಟ್ಟದ ಹೆಸರಿನಿಂದಲೇ ಕರೆಯಿತು. ಕನ್ನಡನಾಡಿನಲ್ಲಿಯೂ ಹೀಗೆಯೇ, ಎಡೆಯೂರಿನಲ್ಲಿ ನೆಲೆಗೊಂಡ ಸಿದ್ಧಲಿಂಗ ಯತಿಗಳು ತೋಟದಲ್ಲಿ ಶಿವಯೋಗವನ್ನಾಚರಿಸಿದ್ದರಿಂದ 'ತೋಂಟದ' ಸಿದ್ಧಲಿಂಗರೆನಿಸಿದರು.

ಮತಪರಿಭಾಷೆಯ ಶಬ್ದಗಳಲ್ಲಿ ಜಂಗಮ ಶಬ್ದವು ಶ್ರೇಷ್ಠವಾದುದು. ಚಲಿಸುವುದು ಎಂಬುದು ಇದರ ಧಾತ್ವರ್ಥವು. ಝೆನ್ ಮಠಗಳಲ್ಲಿ ಗುರುವನ್ನರಸಿ ಊರೂರು ತಿರುಗುವ ಸಾಧಕನನ್ನು 'ಉನ್‌ಸುಯಿ' ಎನ್ನುವರು. ಮೋಡವೂ ನೀರೂ ಎಂದು ಅದರ ಅರ್ಥವು. ಎರಡು ಶಬ್ದಗಳಲ್ಲಿಯೂ ಚಲನೆಯುಂಟು, ಆದರೆ ಭೇದವೂ ಉಂಟು. ಉನ್‌ಸುಯಿ ಕಲಿಯುವುದಕ್ಕೆ ತಿರುಗುವನು. ಜಂಗಮನು ಕಲಿಸುವುದಕ್ಕೆ, ಭಕ್ತನ ಮನೆಬಾಗಿಲಿಗೆ ತಾನಾಗಿ ಬರುವನು. ೧೯೦೭ರಲ್ಲಿ ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿ, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರಸ್ವಾಮಿಗಳನ್ನು ಜನರು 'ನಡೆದಾಡುವ ದೇವರು' ಎಂದು ಕರೆದರು. ಹಾಗೆ ಕರೆದವರಲ್ಲಿ ಎಷ್ಟೋ ಮಂದಿ ನಿಘಂಟನ್ನು ನೋಡಿದವರಲ್ಲ. ಆದರೂ ಜಂಗಮ ಶಬ್ದಕ್ಕೆ ಇದಕ್ಕಿಂತ ನೇರವಾದ ಕನ್ನಡವನ್ನು ಯಾವ ಪಂಡಿತನೂ ಹೇಳಲಾರನು.

ಮಠಗಳ ಪತ್ರಿಕೆಗಳಲ್ಲಿಯೂ ಆಹ್ವಾನಗಳಲ್ಲಿಯೂ ಸ್ವಾಮಿಗಳ ಹೆಸರಿನ ಹಿಂದೆ 'ಷ.ಬ್ರ.' ಎಂದೋ 'ನಿ.ಪ್ರ.' ಎಂದೋ ಅಚ್ಚಾಗುವುದುಂಟು. ಮೊದಲನೆಯದು ಷಟ್‌ಸ್ಥಲ ಬ್ರಹ್ಮಿ. ಇದು ಗುರುವರ್ಗದ ಶಿವಾಚಾರ್ಯರಿಗೆ ಸಲ್ಲುವುದು. ಎರಡನೆಯದು ನಿರಂಜನ ಪ್ರಣವಸ್ವರೂಪಿ; ಇದು ವಿರಕ್ತ ಪರಂಪರೆಯವರಿಗೆ ಸಲ್ಲುವುದು. ಆರು ಸ್ಥಲಗಳ ಅರಿವುಳ್ಳವರು, ಕಲೆಯಿಲ್ಲದವರು ಎಂಬ ಘನವಾದ ಅರ್ಥಗಳನ್ನು ಈ ಅಕ್ಷರಗಳು ಹೊತ್ತಿರುವುವು. ಅರ್ಥವು ಮರೆತುಹೋದರೆ ಅಕ್ಷರಗಳು ಬರಿಯ ಅಲಂಕಾರವಾಗುವುವು.

ಭಕ್ತರ ಬಾಯಲ್ಲಿಯಾದರೋ ಸೀಮೆಸೀಮೆಗೆ ಬೇರೆ ಬೇರೆ ಮಾತುಗಳುಂಟು. ಹಳೆಯ ಮೈಸೂರು ಸೀಮೆಯಲ್ಲಿ 'ಬುದ್ಧಿ', 'ಬುದ್ಧಿಯವರು'. ಕಲಬುರಗಿ, ವಿಜಯಪುರಗಳ ಕಡೆಯಲ್ಲಿ 'ಅಪ್ಪಾವರು'. ಗದಗು ಹುಬ್ಬಳ್ಳಿಗಳ ಕಡೆಯಲ್ಲಿ 'ಅಜ್ಜಾರು'. ಬುದ್ಧಿ ಎಂಬ ಮಾತನ್ನು ಹಿಂದೆ ಜಮೀನುದಾರರ ಮುಂದೆ ಅಂಜಿಕೆಯಿಂದಲೂ ಹೇಳುತ್ತಿದ್ದರು. ಮಠದಲ್ಲಿ ಅದು ವಿವೇಕವನ್ನು ಬೇಡುವ ಮಾತಾಯಿತು. ಅಪ್ಪನೆಂಬ ಮಾತು ಚೀನದ ಷಿಫುವಿಗೆ ಹತ್ತಿರವಾದುದು. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧಮಕ್ಕಳಿಗೆ ಸಂಗೀತವನ್ನು ಕಲಿಸಿ ೨೦೧೦ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರನ್ನು ನಾಡು 'ಗವಾಯಿ'ಗಳೆಂದಿತು, 'ಅಜ್ಜ'ನೆಂದಿತು. ಹಾಡುವ ಕಾಯಕ ಮೊದಲು, ಮನೆಯ ಹಿರಿತನ ಆಮೇಲೆ. ಹನ್ನೆರಡನೆಯ ಶತಮಾನದ ಕಟ್ಟಳೆಯು ಇಪ್ಪತ್ತೊಂದನೆಯ ಶತಮಾನದವರೆಗೂ ಮುರಿಯದೆ ಬಂದಿತು.

ಅರಮನೆಯ ಬಿರುದಿಗೂ ಜನರ ಬಿರುದಿಗೂ ಇರುವ ಅಂತರವನ್ನು ಎರಡು ಜೀವನಗಳು ತೋರಿಸುವುವು. ವಚನಗಳ ಓಲೆಗಳನ್ನು ಮನೆಮನೆಯಿಂದ ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರಿಗೆ ಬ್ರಿಟಿಷ್ ಸರಕಾರವು ರಾವ್ ಬಹಾದ್ದೂರ್ ಪದವಿಯನ್ನು ಕೊಟ್ಟಿತು. ಇಂದು ಅದನ್ನು ನೆನೆಯುವವರು ವಿರಳ. 'ವಚನ ಪಿತಾಮಹ'ರೆಂಬ ಹೆಸರನ್ನು ಅರಿಯದವರು ವಿರಳ. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರಸ್ವಾಮಿಗಳು ೨೦೧೮ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಒಲ್ಲೆನೆಂದರು. ತಮಗೆ ಸ್ಮಾರಕವನ್ನು ಕಟ್ಟಬಾರದೆಂದೂ ಬರೆದಿಟ್ಟಿದ್ದರು. ೨೦೨೩ರ ಜನವರಿ ೨ರಂದು ಅವರು ದೇಹವನ್ನು ಬಿಟ್ಟಾಗ ಲಕ್ಷಾಂತರ ಜನರು ದರ್ಶನಕ್ಕೆ ನೆರೆದರು. ಆ ಜನರ ಬಾಯಲ್ಲಿದ್ದುದು ಅಪ್ಪಾವರೆಂಬ ಮಾತೊಂದೇ.

ಶಬ್ದಗಳಿಗೆ ಸವಕಳಿಯೂ ಉಂಟು. ಸಿಯೆನ್‌ಷೆಂಗ್ ಎಂಬುದು ಇಂದು ಚೀನದಲ್ಲಿ ದಾರಿಹೋಕನಾದ ಯಾವ ಗಂಡಸಿಗಾದರೂ ಸಲ್ಲುವ ಸಾಧಾರಣ ಮರ್ಯಾದೆಯ ಮಾತು. ಬೆಂಗಳೂರಿನಲ್ಲಿ 'ಸ್ವಾಮಿ' ಶಬ್ದವು ಎಂದೋ ಆ ದಾರಿಯನ್ನು ಹಿಡಿಯಿತು. 'ಗುರು' ಎಂಬುದೂ ತರುಣರು ಪರಸ್ಪರ ಹೆಗಲ ಮೇಲೆ ಕೈಹಾಕಿ ಕರೆಯುವ ಮಾತಾಗಿದೆ. ಕೆಂಪಾಪುರ, ಯಲಹಂಕಗಳಂಥ ಬಡಾವಣೆಗಳಲ್ಲಿ ತುಮಕೂರಿನವರೂ ಕಲಬುರಗಿಯವರೂ ಗದುಗಿನವರೂ ನೆರೆಹೊರೆಯಾಗಿ ಬಾಳುವರು. ಬುದ್ಧಿ, ಅಪ್ಪ, ಅಜ್ಜ ಎಂಬ ಮೂರು ಮಾತುಗಳನ್ನು ಹಿರಿಯರು ಒಂದೇ ಪೂಜೆಗೆ ಹೊತ್ತುತರುವರು. ಅವರ ಮಕ್ಕಳಾದರೋ ಮೂರನ್ನೂ ಬಿಟ್ಟು 'ಸ್ವಾಮೀಜಿ' ಎಂಬ ಒಂದೇ ಮಾತಿಗೆ ಒಗ್ಗುತ್ತಿರುವರು. ಆ ಮಾತಿನಲ್ಲಿ ಗೌರವಕ್ಕೆ ಕೊರತೆಯಿಲ್ಲ. ಬಂಧುತ್ವವು ಮಾತ್ರ ಇಲ್ಲ. ಸ್ವಾಮೀಜಿ ಎಂದವನು ನಮಸ್ಕರಿಸಿ ಹೊರಟುಹೋಗಬಹುದು. ಅಪ್ಪ ಎಂದವನು ಮಗನಂತೆ ನಡೆಯಬೇಕು. ಬುದ್ಧಿ ಎಂದವನು ಹೇಳಿದ ಬುದ್ಧಿಯನ್ನು ಕೇಳಬೇಕು. ಅಣ್ಣ ಎಂದವನು ಉಳಿದವರನ್ನೆಲ್ಲ ಒಡಹುಟ್ಟಿದವರೆಂದು ಕಾಣಬೇಕು. ಇಂಥ ಮಾತುಗಳು ಗುರುವಿನ ಪದವಿಯನ್ನು ಏರಿಸುವುದಕ್ಕಿಂತ ಹೆಚ್ಚಾಗಿ ಭಕ್ತನ ನಡೆಯನ್ನು ಕಟ್ಟುವುವು.

ಆದುದರಿಂದ ಮಹೋತ್ಸವದ ಕಾಲದಲ್ಲಿ ಸದ್ಭಕ್ತರು ಬಿರುದಾವಳಿಗಳನ್ನು ಉದ್ಘೋಷಿಸುವುದು ಯುಕ್ತವೇ. ಜೊತೆಗೆ ತಮ್ಮ ತಾಯಿತಂದೆಗಳು ಗುರುವನ್ನು ಯಾವ ಮಾತಿನಿಂದ ಕರೆಯುತ್ತಿದ್ದರೋ ಆ ಮಾತನ್ನು ಅದರ ಅರ್ಥದೊಡನೆ ಮಕ್ಕಳಿಗೆ ಕಲಿಸಿಕೊಡುವುದೂ ಗುರುಸೇವೆಯೇ ಆಗಿರುವುದು.