ಮೈಕಿನ ಮುಂದಿನ ಮುಖ: ಹಾಲಿವುಡ್‌ನ ರೇಡಿಯೊ ಸಂಗೀತ ಹಾಸ್ಯಚಿತ್ರಗಳು

ರೇಡಿಯೊ ಲೋಕವನ್ನು ಕುರಿತು 1930ರ ದಶಕದಲ್ಲಿ ಹಾಲಿವುಡ್ ತಯಾರಿಸಿದ ಸಂಗೀತ ಹಾಸ್ಯಚಿತ್ರಗಳನ್ನು ಬರಿಯ ಹಾಡುಗಳ ಸರಮಾಲೆಯೆಂದು ಬದಿಗಿಡುವುದು ಸುಲಭ. ಕಥೆ ತೆಳು, ಒಪ್ಪುತ್ತೇನೆ. ಆದರೆ ದನಿಗೂ ದೇಹಕ್ಕೂ ಇದ್ದ ನಂಟನ್ನು ಮೈಕು ಹೇಗೆ ಸಡಿಲಿಸಿತು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ನನಗೆ ಬೇರೆಲ್ಲೂ ಕಂಡಿಲ್ಲ.

ಪಿಟ್ಸ್‌ಬರ್ಗ್‌ನ ಕೆಡಿಕೆಎ ರೇಡಿಯೊ ಕೇಂದ್ರವು ಚುನಾವಣೆಯ ಫಲಿತಾಂಶ ಬಿತ್ತರಿಸಿದ್ದು 1920ರ ನವೆಂಬರ್ 2ರಂದು. 1930ರ ಜನಗಣತಿಯ ಹೊತ್ತಿಗೆ ಅಮೆರಿಕದ ಹತ್ತು ಮನೆಗಳಲ್ಲಿ ಸುಮಾರು ನಾಲ್ಕರಲ್ಲಿ ರೇಡಿಯೊ ಇತ್ತು. ಚಿತ್ರೋದ್ಯಮಕ್ಕೆ ಅದು ಎದುರಾಳಿಯೂ ಹೌದು, ನೆಂಟನೂ ಹೌದು. 1929ರಲ್ಲಿ ಸಿಬಿಎಸ್ ಜಾಲದ ಹೆಚ್ಚುಕಡಿಮೆ ಅರ್ಧ ಪಾಲು ಕೊಂಡ ಪ್ಯಾರಮೌಂಟ್, 1932ರಲ್ಲಿ ಅದನ್ನು ಮರಳಿ ಮಾರಿತು. ಅದೇ ವರ್ಷ ‘ದಿ ಬಿಗ್ ಬ್ರಾಡ್‌ಕಾಸ್ಟ್’ ಚಿತ್ರವನ್ನು ತೆರೆಗೆ ತಂದಿತು. ಮನೆಮನೆಯಲ್ಲಿ ದನಿಯಾಗಿ ಪರಿಚಿತರಾಗಿದ್ದ ಕೇಟ್ ಸ್ಮಿತ್, ಬಾಸ್ವೆಲ್ ಸಹೋದರಿಯರು, ಮಿಲ್ಸ್ ಸಹೋದರರು, ಕ್ಯಾಬ್ ಕ್ಯಾಲೊವೇ ಅದರಲ್ಲಿ ಕಣ್ಣಿಗೆ ಕಂಡರು. ಕಪ್ಪು ಕಲಾವಿದರಿಗೆ ಹಾಡು ಸಿಕ್ಕಿತು, ಕಥೆಯಲ್ಲಿ ಪಾಲು ಸಿಗಲಿಲ್ಲ. ಆ ಅನ್ಯಾಯವನ್ನೂ ದಾಖಲಿಸಬೇಕು.

ಚಿತ್ರದ ಗಾಯಕ ಬಿಂಗ್ ಕ್ರಾಸ್ಬಿ. ರಂಗಮಂದಿರದ ಕೊನೆಯ ಸಾಲಿಗೂ ಮುಟ್ಟುವಂತೆ ಗಂಟಲೆತ್ತಿ ಹಾಡುವುದು ಹಿಂದಿನ ರೂಢಿ. ಮೈಕಿಗೆ ಅದು ಬೇಕಿರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡುವಷ್ಟು ತಗ್ಗಿದ ದನಿಯೇ ಲಕ್ಷಾಂತರ ಮನೆಗಳಿಗೆ ತಲುಪುತ್ತಿತ್ತು.

ಆ ಆಪ್ತತೆಗೆ ಬೆಲೆ ಕಟ್ಟಿದವರು ಪ್ರಾಯೋಜಕರು. ವಾರ್ನರ್ ಸಂಸ್ಥೆಯ ‘ಟ್ವೆಂಟಿ ಮಿಲಿಯನ್ ಸ್ವೀಟ್‌ಹಾರ್ಟ್ಸ್’ (1934) ಚಿತ್ರದಲ್ಲಿ ಡಿಕ್ ಪವೆಲ್ ಹಾಡುವ ಮಾಣಿ. ರೇಡಿಯೊದಲ್ಲಿ ಹೆಸರು ಮಾಡಿದ ಮೇಲೆ ಮೆಚ್ಚಿದ ಹುಡುಗಿಯನ್ನು ಮದುವೆಯಾಗಲು ಅವನಿಗೆ ಬಿಡುವುದಿಲ್ಲ, ಕೇಳುವ ಹೆಂಗಸರು ಕೈತಪ್ಪುತ್ತಾರೆಂದು. ಇದೇ ಕಥೆಯನ್ನು ಮೈಕೇಲ್ ಕರ್ಟಿಜ್ 1949ರಲ್ಲಿ ಡೋರಿಸ್ ಡೇಗಾಗಿ ‘ಮೈ ಡ್ರೀಮ್ ಈಸ್ ಯುವರ್ಸ್’ ಎಂದು ಮತ್ತೆ ತೆಗೆದರು. ಅಷ್ಟರಲ್ಲಿ ಟೆಲಿವಿಷನ್ ಮನೆಗಳಿಗೆ ಕಾಲಿಡುತ್ತಿತ್ತು.

ನನ್ನ ವಾದಕ್ಕೆ ಗಟ್ಟಿ ಆಧಾರ ಫಾಕ್ಸ್ ಸಂಸ್ಥೆಯ ‘ವೇಕ್ ಅಪ್ ಅಂಡ್ ಲಿವ್’ (1937). ವಾಲ್ಟರ್ ವಿಂಚೆಲ್ ಮತ್ತು ಬೆನ್ ಬರ್ನಿ ಬಾನುಲಿಯಲ್ಲಿ ನಡೆಸುತ್ತಿದ್ದ ಹುಸಿ ಜಗಳವೇ ಅದರ ಬಂಡವಾಳ. ಆದರೆ ಚಿತ್ರದ ಜೀವ ಜ್ಯಾಕ್ ಹೇಲಿಯ ಪಾತ್ರ. ಮೈಕು ಕಂಡರೆ ಇವನಿಗೆ ನಡುಕ, ಗಂಟಲು ಕಟ್ಟುತ್ತದೆ. ಒಮ್ಮೆ, ಮೈಕು ಆಫ್ ಆಗಿದೆಯೆಂದು ನಂಬಿ ಅದರ ಮುಂದೆ ನಿಂತು ಮನಬಿಚ್ಚಿ ಹಾಡುತ್ತಾನೆ. ಮೈಕು ಆನ್ ಆಗಿಯೇ ಇರುತ್ತದೆ. ಹಾಡು ಎಲ್ಲೆಡೆ ಬಿತ್ತರವಾಗಿ, ಈ ಕಾಣದ ಗಾಯಕ ಯಾರೆಂದು ಊರೆಲ್ಲ ಹುಡುಕುತ್ತದೆ. ಚಿತ್ರಮಂದಿರದಲ್ಲಿ ಕೂತವರಿಗೆ ಮಾತ್ರ ಉತ್ತರ ಗೊತ್ತು. ಹೇಲಿಯ ತುಟಿ ಅವರ ಕಣ್ಣೆದುರೇ ಆಡುತ್ತಿದೆ.

ಅವರಿಗೂ ಗೊತ್ತಿರಲಿಲ್ಲ. ಹೇಲಿಗಾಗಿ ಹಿನ್ನೆಲೆಯಲ್ಲಿ ಹಾಡಿದವರು ರೇಡಿಯೊ ಗಾಯಕ ಬಡ್ಡಿ ಕ್ಲಾರ್ಕ್. ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರಿಲ್ಲ.